ನೆರೆನಾಡಿನವರನ್ನು ಹೆಸರು ಹಿಡಿದು ಕರೆಯಲು ಕಲಿಸಿದವರು

ಕನ್ನಡ ನಾಡಿನಲ್ಲಿ ಚೀನೀ ಭಾಷೆಯನ್ನೂ ಆ ದೇಶದ ಇಂದಿನ ಸಮಾಜವನ್ನೂ ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿಸಿದವರು ವಿರಳ. ಅದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ಮಕ್ಕಳಿಗೆ, ಕನ್ನಡವನ್ನೇ ಮೆಟ್ಟಿಲಾಗಿ ಮಾಡಿಕೊಂಡು, ಮೂರು ದಶಕಗಳಿಗೆ ಹತ್ತಿರ ಹತ್ತಿರ ಕಲಿಸಿದವರು ನಾನು ಬಲ್ಲಂತೆ ಒಬ್ಬರೇ: ನಮ್ಮ ಪೂಜ್ಯ ಗುರುಗಳಾದ ಪ್ರೊ. ಬಿ. ಎಂ. ಶಾಂತಲಾ ಅವರು. ವಿದ್ವಾಂಸರ ಗೋಷ್ಠಿಗಳಲ್ಲಿ ಅವರ ಹೆಸರು ಚೀನಾದ ಹಳ್ಳಿಗಳ ವೃದ್ಧರ ಬದುಕನ್ನು ಕುರಿತ ಅಧ್ಯಯನದೊಂದಿಗೆ ಬೆಸೆದುಕೊಂಡಿದೆ. ನಮ್ಮ ಊರುಗಳ ಮನೆಗಳಲ್ಲಿ ಮಾತ್ರ ಅವರು ‘ಚೀನಾ ಮೇಡಂ’. ಈ ಎರಡು ಹೆಸರುಗಳಲ್ಲಿ ಎರಡನೆಯದೇ ತಮಗೆ ಹೆಚ್ಚು ಒಪ್ಪಿಗೆಯೆಂದು ಅವರು ಒಮ್ಮೆ ಹೇಳಿದ್ದರು. ಗುರುಗಳು ಈ ವರ್ಷ ಸೇವೆಯಿಂದ ನಿವೃತ್ತರಾದ ನಿಮಿತ್ತ ಹೊರಬರುತ್ತಿರುವ ಈ ಸಂಪುಟಕ್ಕೆ, ಮೊದಲು ಅವರ ವಿದ್ಯಾರ್ಥಿಯಾಗಿ ಆಮೇಲೆ ಅವರ ಶಾಖೆಯಲ್ಲೇ ಸಹೋದ್ಯೋಗಿಯಾಗಿ ಕಂಡ ಕೆಲವನ್ನು ಬರೆದು ಒಪ್ಪಿಸುವುದು ನನ್ನ ಪಾಲಿಗೆ ಒಂದು ಪೂಜೆಯೇ ಸರಿ.

ಶಾಂತಲಾ ಅವರು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ. ತಂದೆ ಮುರುಗೇಶಪ್ಪನವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ತಾಯಿ ಅನ್ನಪೂರ್ಣಮ್ಮನವರು ಕತ್ತಲಗೆರೆಯ ಹೆಣ್ಣುಮಗಳು. ಚನ್ನಗಿರಿಯಲ್ಲಿ ಪದವಿಪೂರ್ವ ತರಗತಿಯನ್ನು ಮುಗಿಸಿ, ದಾವಣಗೆರೆಯಲ್ಲಿ ಪದವಿ ಪಡೆದು, ಆ ಕಾಲಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳು ಹೆಸರಷ್ಟೇ ಕೇಳಿದ್ದ ದೆಹಲಿಗೆ ಹೋಗಿ ಅಲ್ಲಿ ಚೀನೀ ಭಾಷೆಯ ತರಗತಿಗೆ ಸೇರಿದರು. ಏಕೆ ಅದೇ ಭಾಷೆ ಎಂದು ಕೇಳಿದವರಿಗೆಲ್ಲ ‘ಅದರಲ್ಲಿ ಸೀಟು ಖಾಲಿ ಇತ್ತು’ ಎಂದು ಹೇಳಿ ನಗುತ್ತಿದ್ದರಂತೆ. ನಾವೂ ಬಹಳ ವರ್ಷ ಅದನ್ನೇ ನಿಜವೆಂದು ನಂಬಿದ್ದೆವು. ಮುಂದೆ ವಿದ್ಯಾರ್ಥಿವೇತನ ದೊರೆತು ಚೀನಾದ ಫೂಜಿಯಾನ್ ಪ್ರಾಂತ್ಯದ ಒಂದು ಬೆಟ್ಟದೂರಿನಲ್ಲಿ ಎರಡು ವರ್ಷ ಇದ್ದು ಬಂದರು. ಹರೆಯದವರೆಲ್ಲ ಕಡಲ ತೀರದ ನಗರಗಳ ಕಾರ್ಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಹೊರಟುಹೋಗಿ, ಹಳ್ಳಿಯಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿಯುತ್ತಿದ್ದ ಕಾಲವದು. ಅವರ ಪ್ರೌಢಪ್ರಬಂಧ ಬೆಳೆದದ್ದು ಆ ಮುದುಕರ ಅಡುಗೆಮನೆಗಳಲ್ಲಿ.

ನಮ್ಮ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲಿ ಚೀನೀ ಶಾಖೆ ತೆರೆದಾಗ ಅದಕ್ಕೆ ಸಿಕ್ಕಿದ್ದು ಸ್ಟೋರ್ ರೂಮಿನ ಪಕ್ಕದ ಒಂದು ಕೋಣೆ, ಒಂದು ಕಪಾಟು ಮತ್ತು ಶಾಂತಲಾ ಅವರು. ನಾನು ವಿದ್ಯಾರ್ಥಿಯಾಗಿ ಆ ಕೋಣೆಗೆ ಕಾಲಿಟ್ಟ ವರ್ಷ ನಾವು ನಾಲ್ವರಿದ್ದೆವು. ಚೀನಾದಿಂದ ಅವರೇ ಹೊತ್ತು ತಂದಿದ್ದ ದಪ್ಪ ನಿಘಂಟು ಒಂದೇ ಇತ್ತು. ಒಬ್ಬರು ನೋಡುವಾಗ ಮೂವರು ಕಿಟಕಿಯಾಚೆ ನೋಡುತ್ತಿದ್ದೆವು. ಒಂದು ಸೋಮವಾರ ಮೇಡಂ ಬಂದಾಗ ಅವರ ಕೈಚೀಲದಲ್ಲಿ ಆ ನಿಘಂಟು ನಾಲ್ಕು ಪುಸ್ತಕವಾಗಿತ್ತು. ಚನ್ನಗಿರಿಯ ಬೈಂಡಿಂಗ್ ಅಂಗಡಿಯಲ್ಲಿ ಕುಳಿತು, ಬೆನ್ನು ಬಿಚ್ಚಿಸಿ, ನಾಲ್ಕು ಭಾಗ ಮಾಡಿಸಿ, ಬೇರೆ ಬೇರೆ ರಟ್ಟು ಹಾಕಿಸಿಕೊಂಡು ಬಂದಿದ್ದರು.

“ಪುಸ್ತಕ ಹರಿಯೋದು ಪಾಪ ಅಲ್ವೇನ್ರಿ ಮೇಡಂ? ಸರಸ್ವತಿ ಅಲ್ವಾ?” ಎಂದು ನಮ್ಮಲ್ಲೊಬ್ಬರು ಕೇಳಿಯೇಬಿಟ್ಟರು.

“ಸರಸ್ವತಿನ ಒಬ್ರ ತೊಡೆ ಮ್ಯಾಲೆ ಕೂರಿಸ್ಕಂಡು ಮೂರು ಜನ ಕಾಯೋದು ಅದಕ್ಕಿಂತ ದೊಡ್ಡ ಪಾಪ” ಎಂದರು ಮೇಡಂ. “ಹಿಡ್ಕಳ್ರಿ. ವಾರಕ್ಕೊಂದ್ಸಲ ಅದಲು ಬದಲು ಮಾಡ್ಕಳ್ರಿ.”

ಚೀನೀ ಮಾತಿನಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಇದನ್ನು ಕಲಿಸಲು ಅವರು ಯಾವ ಯಂತ್ರವನ್ನೂ ಬಳಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವವರ ಎದುರು ‘ಹೂಂ’ ಎನ್ನಲು ಒಬ್ಬರು ಇರಲೇಬೇಕಲ್ಲವೇ; ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಮೇಡಂ ಅದನ್ನೇ ಪಾಠ ಮಾಡಿದರು. ಕಥೆಯೊಳಗೆ ಮುಳುಗಿ ಒಂದೇ ಸಮನೆ ಎಳೆಯುವ ಹೂಂ, ಮುಂದೇನಾಯಿತು ಎಂದು ಮೇಲೇರುವ ಹೂಂ, ನಂಬಿಕೆ ಸಾಲದೆ ತಗ್ಗಿ ಮತ್ತೆ ತಲೆಯೆತ್ತುವ ಹೂಂ, ಸಾಕು ಮುಗಿಸು ಎಂದು ಕಡಿದು ಹಾಕುವ ಹೂಂ. ಕುರಿ ಕಾಯುವ ಮನೆತನದಲ್ಲಿ ಅಜ್ಜನ ಕಥೆಗಳಿಗೆ ಹೂಂಗುಟ್ಟುತ್ತ ಬೆಳೆದ ನನಗೆ, ಅಷ್ಟು ದೂರದ ಭಾಷೆಯ ಬಾಗಿಲು ನಮ್ಮ ಜಗುಲಿಯಲ್ಲೇ ಇತ್ತಲ್ಲ ಎನಿಸಿ ಆ ದಿನ ಕಣ್ಣು ತುಂಬಿತ್ತು.

ಅವರ ತರಗತಿಯಲ್ಲಿ ಒಂದು ಕಟ್ಟಳೆಯಿತ್ತು. ಯಾರೂ ‘ಚೀನಾದವರು’ ಎಂದು ವಾಕ್ಯ ಆರಂಭಿಸುವಂತಿರಲಿಲ್ಲ. ‘ಚೀನಾದವರು ಮುದುಕರನ್ನು ಹೀಗೆ ನೋಡಿಕೊಳ್ಳುತ್ತಾರೆ’ ಎಂದು ಬರೆದರೆ ಕೆಂಪು ಗೀಟು ಬೀಳುತ್ತಿತ್ತು. ಯಾರು, ಯಾವ ಊರು, ಯಾವ ವರ್ಷ, ಅವರ ಹೆಸರೇನು, ನಿಮಗೆ ಹೇಳಿದವರು ಯಾರು. ಇಷ್ಟು ಬರೆದ ಮೇಲೆ ಮುಂದಿನ ಮಾತು. ಹೊನ್ನಾಳಿಯ ಸುದೀಪ್ ಎಂಬ ವಿದ್ಯಾರ್ಥಿ ಇದಕ್ಕೆ ಗೊಣಗಿದಾಗ ಮೇಡಂ, “ಹೊನ್ನಾಳಿಯೋರು ಬಲೇ ಜಗಳಗಂಟರು ಅಂತ ನಾ ಬರೀಲಾ? ಒಪ್ತೀಯಾ?” ಎಂದಿದ್ದರು. ಸುದೀಪ್ ಜಗಳಕ್ಕೇ ನಿಂತ. ಇಡೀ ತರಗತಿ ನಕ್ಕಿತು. ಹಾಗೆಯೇ, ಆ ದೇಶದಲ್ಲಿ ಹಳ್ಳಿಯಲ್ಲಿ ಹೆಸರು ದಾಖಲಾದವರು ನಗರಕ್ಕೆ ದುಡಿಯಲು ಹೋದಾಗ ಪಟ್ಟ ಪಾಡನ್ನು ಓದುವ ಮೊದಲು, ನಮ್ಮನ್ನು ನ್ಯಾಮತಿಯ ಸುತ್ತಲಿನ ಹಳ್ಳಿಗಳಿಗೆ ಕಳಿಸಿ, ಮನೆಯ ರೇಷನ್ ಕಾರ್ಡಿನಲ್ಲಿ ಹೆಸರಿದ್ದೂ ಆ ಮನೆಯಲ್ಲಿ ಉಣ್ಣದವರು ಯಾರು ಯಾರು, ಅವರು ಎಲ್ಲಿದ್ದಾರೆ ಎಂದು ಕೇಳಿ ಬರಲು ಹೇಳುತ್ತಿದ್ದರು. ತನ್ನ ಓಣಿಯನ್ನು ಕೇಳಿ ತಿಳಿಯದವರು ಪರರ ಓಣಿಯನ್ನು ಓದಿ ತಿಳಿಯಲಾರರು ಎಂಬುದು ಅವರ ಗಟ್ಟಿ ನಂಬಿಕೆ.

ಇಂಥ ಗುರುವಿನ ಸಹನೆಗೂ ಸತ್ಯಕ್ಕೂ ಪರೀಕ್ಷೆಯೊಡ್ಡಿದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದಕ್ಕೆ ನಾನು ಸಾಕ್ಷಿಯಾಗಿದ್ದೆ.

ಚೀನಾ ಗಡಿಯಲ್ಲಿ ನಮ್ಮ ಯೋಧರು ಪ್ರಾಣ ತೆತ್ತ ದುರಂತ ನಡೆದ ಮರುವರ್ಷ. ಕೊರೊನಾದ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ತರಗತಿಗಳು ಆಗಷ್ಟೇ ಮತ್ತೆ ತೆರೆದಿದ್ದವು. ಚೀನೀ ಶಾಖೆಯ ಸ್ನಾತಕೋತ್ತರ ತರಗತಿಯಲ್ಲಿ ಆಗ ಉಳಿದಿದ್ದವರು ಇಬ್ಬರು: ಈಗ ಹೇಳಿದ ಸುದೀಪ್, ಮತ್ತು ಜಗಳೂರು ತಾಲ್ಲೂಕಿನ ನೇತ್ರಾವತಿ. ಇಬ್ಬರಿಗಿಂತ ಕಡಿಮೆಯಾದರೆ ಶಾಖೆಯನ್ನೇ ಮುಚ್ಚಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು. ಅಷ್ಟರಲ್ಲಿ ನೇತ್ರಾವತಿ ಬರುವುದನ್ನು ನಿಲ್ಲಿಸಿದಳು. ಫೋನ್ ಮಾಡಿದರೆ, “ಮನೆಯಾಗೆ ಬ್ಯಾಡ ಅಂತಿದಾರೆ ಮೇಡಂ. ಊರಮ್ಮನ ಹೂ ಎಡಕ್ಕೆ ಬಂದೈತೆ” ಎಂದಷ್ಟೇ ಹೇಳಿ ಅತ್ತಳು. ಅವಳ ಅಣ್ಣ ಕೆಂಚೇಶ್ ಸೈನ್ಯದಲ್ಲಿದ್ದ. ಆ ಹೊತ್ತಿಗೆ ಅದೇ ಹಿಮದ ಗಡಿಯಲ್ಲಿದ್ದ. ಊರಿನ ಹೋಟೆಲಿನಲ್ಲಿ ಅವಳ ತಂದೆ ತಿಪ್ಪೇಶಪ್ಪನವರನ್ನು ಕೆಲವರು, “ಮಗ ಗಡಿ ಕಾಯ್ತಾನೆ, ಮಗಳು ಗಡಿ ಆಚೇರ ಮಾತು ಕಲೀತಾಳೆ. ಮನೆಯಾಗೇ ಯುದ್ಧ ಹಚ್ಚೀಯೇನಪ್ಪ?” ಎಂದು ಕೆಣಕಿದ್ದರು.

ಶಾಖೆಯನ್ನು ಉಳಿಸಲು ಮೇಡಂ ನೇತ್ರಾವತಿಯ ಊರಿಗೆ ಹೊರಟರೆಂದು ಆಗ ಹಲವರು ತಿಳಿದರು. ಬಸ್ಸಿನಲ್ಲಿ ಅವರ ಪಕ್ಕ ಕುಳಿತಿದ್ದ ನನ್ನೊಡನೆ ಅವರು ಶಾಖೆಯ ಸುದ್ದಿಯನ್ನೇ ಎತ್ತಲಿಲ್ಲ. “ಆ ಹುಡುಗಿ ತಾನಾಗಿ ಬಿಟ್ರೆ ಬಿಡ್ಲಿ. ಅಂಜಿ ಬಿಡಬಾರದು ಮೈಲಾರಿ. ಅಂಜಿ ಬಿಟ್ಟಿದ್ದು ಜೀವಮಾನ ಪೂರ್ತಿ ಬೆನ್ನತ್ತತೈತೆ” ಎಂದರು. ಮಡಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎಲೆಯಲ್ಲಿ ಕಟ್ಟಿದ ಸೇವಂತಿಗೆ ಇದ್ದವು. ಹಿರಿಯರಿರುವ ಮನೆಗೆ ಬರಿಗೈಲಿ ಹೋಗುವುದು ಅವರಿಗೆ ತಿಳಿಯದು.

ನಾವು ಹೋದಾಗ ಅಂಗಳದಲ್ಲಿ ಮೆಕ್ಕೆಜೋಳ ಹರವಿತ್ತು. ನೇತ್ರಾವತಿಯ ಅಜ್ಜಿ ದ್ಯಾಮಮ್ಮನವರು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು.

“ಬಾ ತಾಯಿ, ಕುಂದ್ರು. ನೀರು ಕುಡಿ, ಉಂಡು ಹೋಗು. ಆದ್ರೆ ಹುಡುಗೀನ ಕರ್ಕಂಡು ಹೋಗಾಕೆ ಬಂದಿದ್ರೆ ಮಾತ್ರ ಬಂದ ದಾರಿ ಹಿಡಿಬೇಕು ನೋಡು. ಅಮ್ಮ ಎಡಕ್ಕೆ ಕೊಟ್ಟಾಳೆ.”

ಓದುಗರಲ್ಲಿ ಪಟ್ಟಣದವರಿದ್ದರೆ ಇದನ್ನು ಹೇಳಬೇಕು. ನಮ್ಮ ಕಡೆ ಮನೆಗೆ ದೊಡ್ಡ ಸಂಗತಿ ಬಂದರೆ ಊರಮ್ಮನಲ್ಲಿ ಹೂ ಕೇಳುತ್ತೇವೆ. ಪೂಜಾರಿಗಳು ಒದ್ದೆ ಹೂಗಳನ್ನು ದೇವಿಯ ಎರಡು ಭುಜಕ್ಕೂ ಏರಿಸುತ್ತಾರೆ. ಕೇಳುವವರು ಮನಸ್ಸಿನ ಮಾತನ್ನು ಹೇಳಿ ಕೈಮುಗಿದು ಕೂರುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ನಾನೂ ಹಾಗೆ ಕೇಳಿ ಬದುಕಿದವನು. ಹೂ ಬಿದ್ದ ಮೇಲೆ ವಾದವಿಲ್ಲ.

“ಅಮ್ಮ ಎಡಕ್ಕೆ ಕೊಟ್ಟ ಮ್ಯಾಲೆ ನಾನ್ಯಾರು ಅಜ್ಜಿ?” ಎಂದರು ಮೇಡಂ. ಬಾಳೆಹಣ್ಣನ್ನೂ ಹೂವನ್ನೂ ಮುಂದಿಟ್ಟು, ಸೆರಗು ಸಿಕ್ಕಿಸಿ, ಗೋಡೆಗೊರಗಿ ಕುಳಿತರು. “ಒಂದಿಷ್ಟು ಕಾಯಿ ಇತ್ಲಾಗೆ ಸರಿಸ್ರಿ. ಸುಮ್ನೆ ಕುಂದ್ರಾಕೆ ಬರಲ್ಲ ನನಗೆ.”

ಅವರ ಮುಂದೆ ಒಂದು ರಾಶಿ ಬಂತು. ದ್ಯಾಮಮ್ಮನವರು ಓರೆಗಣ್ಣಿನಲ್ಲಿ ಮೇಡಂ ಕೈಯನ್ನೇ ನೋಡುತ್ತಿದ್ದರು.

“ಕಾಳು ಒಡೀದಂಗೆ ಸುಲೀತೀಯ. ಒಕ್ಕಲ ಮನೇಳೇನು?”

“ನಮ್ಮವ್ವನ ತವರು ಕತ್ತಲಗೆರೆ ಅಜ್ಜಿ. ರಜಕ್ಕೆ ಹೋದಾಗೆಲ್ಲ ಇದೇ ಕೆಲ್ಸ.”

“ಇಷ್ಟು ಓದಿದೋಳು, ಹೂ ಬಿದ್ದಿದ್ದಕ್ಕೆಲ್ಲ ಅಂಜ್ತಾರಲ್ಲ ಈ ಜನ ಅಂತ ಒಳಗೊಳಗೇ ನಗ್ತಿರಬೇಕು.”

“ಇಲ್ಲಜ್ಜಿ. ನಾನಿದ್ದ ಚೀನಾದ ಊರಾಗೂ ಕೇಳ್ತಿದ್ರು. ಹೂ ಅಲ್ಲ, ಅರ್ಧ ಚಂದ್ರನಂಗಿರೋ ಎರಡು ಮರದ ತುಂಡು. ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು. ದೇವರ ಮುಂದೆ ಮಣಕಾಲೂರಿ ಕೆಳಗೆ ಹಾಕ್ತಾರೆ. ಒಂದು ಚಪ್ಪಟೆ ಒಂದು ಉಬ್ಬು ಬಿದ್ರೆ ಹೂಂ ಅಂದಂಗೆ. ಎರಡೂ ಉಬ್ಬು ಮ್ಯಾಲಾದ್ರೆ ಬ್ಯಾಡ. ಎರಡೂ ಚಪ್ಪಟೆ ಮ್ಯಾಲಾದ್ರೆ ದೇವರು ನಗ್ತಾನೆ ಅಂತ.”

“ನಗ್ತಾನಾ!” ದ್ಯಾಮಮ್ಮನವರ ಕೈ ನಿಂತಿತು. “ಪುಣ್ಯವಂತರು. ನಮ್ಮ ಚೌಡಮ್ಮ ಒಂದಿನಾನೂ ನಕ್ಕಿಲ್ಲ ಕಣೆ. ಗದರೋದೇ ಅವಳ ಕೆಲ್ಸ.” ಇನ್ನೊಂದು ಕಾಯಿ ಒಡೆದು ಕೇಳಿದರು: “ಅಲ್ಲ, ನೀ ಯಾಕೆ ಕಲ್ತೆ ಆ ಮಾತ? ಲೋಕದಾಗೆ ಬೇರೆ ವಿದ್ಯೆ ಇರಲಿಲ್ವಾ?”

‘ಸೀಟು ಖಾಲಿ ಇತ್ತು’ ಎಂಬ ಉತ್ತರಕ್ಕೆ ನಾನು ಕಾದೆ. ಅದು ಬರಲಿಲ್ಲ.

“ನಮ್ಮವ್ವನ ತಮ್ಮ ಒಬ್ರಿದ್ರು, ನಾಗೇಂದ್ರಪ್ಪ ಅಂತ. ಅರವತ್ತೆರಡರ ಯುದ್ಧಕ್ಕೆ ಹೋದೋರು ಬರಲಿಲ್ಲ. ನಾನು ಹುಟ್ಟಿದ್ದು ಮರುವರ್ಷ. ನಮ್ಮವ್ವ ದಿನಾ ದೀಪ ಹಚ್ಚುವಾಗ ಒಂದೇ ಮಾತು ಕೇಳೋಳು. ‘ಅಲ್ಲಿ ಎಂಥ ಜನ ಅದಾರೋ ಏನೋ. ನಮ್ಮಂಗೇ ಉಣ್ತಾರಾ? ಅವ್ರಿಗೂ ಅಕ್ಕ ತಂಗೇರು ಅದಾರಾ?’ ಅಪ್ಪ ಮೇಷ್ಟ್ರು, ಅಪ್ಪಗೂ ಗೊತ್ತಿರಲಿಲ್ಲ. ಹೇಳೋರು ಊರಾಗೆ ಒಬ್ರೂ ಇರಲಿಲ್ಲ. ಹೋಗಿ ನೋಡ್ಕಂಡು ಬಂದು ಹೇಳೋಣ ಅಂತ ಹೋದೆ ಅಜ್ಜಿ.”

ಅಷ್ಟು ವರ್ಷಗಳ ಬಳಕೆಯಲ್ಲಿ ನಮಗಾರಿಗೂ ಹೇಳದ ಈ ಮಾತನ್ನು ಅವರು ಶೇಂಗಾ ರಾಶಿಯ ಮುಂದೆ, ಧ್ವನಿ ಎತ್ತದೆ, ತಲೆ ಬಗ್ಗಿಸಿಕೊಂಡೇ ಹೇಳಿದರು. ತಿಪ್ಪೇಶಪ್ಪನವರು ಅಂಗಳದಿಂದ ಬಂದು ಕಂಬದ ಹತ್ತಿರ ನಿಂತರು. ನೇತ್ರಾವತಿ ಅಡುಗೆಮನೆಯ ಬಾಗಿಲಲ್ಲಿದ್ದಳು.

“ಎಂಥ ಜನ ಮತ್ತೆ?” ಎಂದರು ದ್ಯಾಮಮ್ಮನವರು.

“ಎಲ್ರನ್ನೂ ನಾ ಬಲ್ಲೆ ಅನ್ನಾಕೆ ಆಗಲ್ಲ. ಒಬ್ಬ ಮುದುಕೀನ ಬಲ್ಲೆ. ಲಿನ್ ಮನೆತನದೋಳು. ಎರಡು ವರ್ಷ ಅವಳ ಮನೆಯಾಗೇ ಇದ್ದೆ. ಅವಳ ಮೊಮ್ಮಗ ದೊಡ್ಡೂರಿಗೆ ಕಟ್ಟಡದ ಕೆಲ್ಸಕ್ಕೆ ಹೋಗಿದ್ದ. ಹೊಸ ವರ್ಷದ ಹಬ್ಬಕ್ಕೆ ಎಲ್ಲಿದ್ರೂ ಮನೆಗೆ ಬಂದು ಒಟ್ಟಿಗೆ ಉಣ್ಣಬೇಕು ಅವ್ರಲ್ಲಿ. ಹಬ್ಬದ ಬೆಳಿಗ್ಗೆ ಮುದುಕಿ ಗುಡಿಗೆ ಹೋಗಿ ತುಂಡು ಹಾಕಿದ್ಲು, ಬರ್ತಾನಾ ಅಂತ. ಎರಡೂ ಉಬ್ಬು ಬಿದ್ವು.”

“ಬರಲ್ಲ ಅಂತ.”

“ಬರಲ್ಲ ಅಂತ. ಮನೆಗೆ ಬಂದು ಅಡಿಗೆ ಮಾಡಿದ್ಲು. ಅವನ ಜಾಗದಾಗೆ ಬಟ್ಲು ಇಟ್ಟು ಅನ್ನ ಬಡಿಸಿದ್ಲು.”

“ದೇವರು ಬರಲ್ಲ ಅಂದ ಮ್ಯಾಲೂ?”

“ಅಂದ ಮ್ಯಾಲೂ. ನಾ ಕೇಳ್ದೆ, ಯಾಕಮ್ಮ ಅಂತ. ‘ದೇವರಿಗೆ ಗೊತ್ತಿರೋದು ದೇವರು ಹೇಳ್ದ. ನನ್ನ ಕೆಲ್ಸ ನಾ ಮಾಡ್ದೆ’ ಅಂದ್ಲು.”

ದ್ಯಾಮಮ್ಮನವರು ಕೈಲಿದ್ದ ಕಾಯನ್ನು ಒಡೆಯದೆ ಹಾಗೇ ಹಿಡಿದುಕೊಂಡರು. “ಬಂದ್ನಾ?”

‘ಬಂದ’ ಎಂಬ ಎರಡಕ್ಷರ ಸಾಕಿತ್ತು. ಹುಡುಗಿಯ ಓದು, ಸುದೀಪನ ಓದು, ಶಾಖೆ, ಎಲ್ಲ ಉಳಿಯುತ್ತಿದ್ದವು. ಮೇಡಂ ತಲೆಯೆತ್ತಿ ಆ ವೃದ್ಧೆಯ ಮುಖವನ್ನು ನೇರ ನೋಡಿದರು.

“ನಾ ಇರೋ ತನಕ ಬರಲಿಲ್ಲ ಅಜ್ಜಿ. ಆಮ್ಯಾಲೆ ಗೊತ್ತಿಲ್ಲ.”

ತಿಪ್ಪೇಶಪ್ಪನವರು ಮುಖ ಆಚೆ ತಿರುಗಿಸಿದರು. ಗಡಿಯಲ್ಲಿ ಮೊಮ್ಮಗನಿರುವ ಮನೆಯಲ್ಲಿ ಆಡಬಾರದ ಮಾತನ್ನು ನಾವು ಆಡಿಬಿಟ್ಟೆವೆಂದೇ ನನಗೆ ತೋರಿತು. ಆಗ ಬಾಗಿಲಲ್ಲಿದ್ದ ನೇತ್ರಾವತಿ ಮುಂದೆ ಬಂದು ಅಜ್ಜಿಯ ಕಾಲ ಬಳಿ ಕುಳಿತಳು.

“ಅಜ್ಜಿ, ನಾ ಓದೋದು ಬಿಟ್ರೆ ಅಣ್ಣ ನೆಟ್ಟಗೆ ಬರ್ತಾನೆ ಅಂತ ಅಮ್ಮ ಹೇಳ್ಯಾಳಾ? ಹಂಗಂತ ಹೇಳಿದ್ರೆ ಇವತ್ತೇ ಪುಸ್ತಕ ಒಲೆಗೆ ಹಾಕ್ತೀನಿ. ಒಂದು ಮಾತೂ ಆಡಲ್ಲ. ಹೇಳ್ಯಾಳಾ?”

ದ್ಯಾಮಮ್ಮನವರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಸೀರೆಗೆ ಹತ್ತಿದ ಸಿಪ್ಪೆಯನ್ನು ಕೊಡವಿಕೊಂಡು ಎದ್ದರು. ಮೇಡಂ ತಂದಿದ್ದ ಸೇವಂತಿಗೆಯನ್ನು ಕೈಗೆತ್ತಿಕೊಂಡರು.

“ಯಾರೂ ಬಾಯಿ ಬಿಡಬ್ಯಾಡ್ರಿ. ಗುಡಿಗೆ ನಡೀರಿ.”

ಗುಡಿಯಲ್ಲಿ ಪೂಜಾರಿ ಮಲ್ಲೇಶಪ್ಪನವರು ಇವರ ಕೈಯ ಹೂವನ್ನು ಕಂಡು ಗಾಬರಿಯಾದರು. “ಒಂದ್ಸಲ ಕೇಳಿದ್ದನ್ನ ವರ್ಷ ತುಂಬೋ ತನಕ ಮತ್ತೆ ಕೇಳಂಗಿಲ್ಲ ದ್ಯಾಮಕ್ಕ. ನಿನಗೆ ಗೊತ್ತಿಲ್ದಿದ್ದಾ?”

“ಕೇಳಾಕೆ ಬಂದಿಲ್ಲ ಕಣೋ. ಹೇಳಾಕೆ ಬಂದೀನಿ. ಸರಿ ಅತ್ಲಾಗೆ.”

ಅವರು ಹೊಸ್ತಿಲಿಗೆ ಹಣೆ ಮುಟ್ಟಿಸಿ, ಹೂವನ್ನು ದೇವಿಯ ಭುಜಕ್ಕಲ್ಲ, ಪಾದಕ್ಕೆ ಇರಿಸಲು ಹೇಳಿದರು. ಕೈ ಮುಗಿದು ನಿಂತು, ಮನೆಯ ಸೊಸೆಯೊಡನೆ ಮಾತಾಡುವಷ್ಟೇ ಸಲೀಸಾಗಿ ಹೇಳಿದ ಮಾತು ನನಗೆ ಇಂದಿಗೂ ಪಾಠವಾಗಿದೆ:

“ನೋಡವ್ವ ಚೌಡಮ್ಮ. ನೀ ಬ್ಯಾಡ ಅಂದಿ, ನಾ ತಲೆ ಬಗ್ಗಿಸ್ದೆ. ಈಗ ನಾ ಹೇಳೋದು ನೀ ಕೇಳು. ನಾನು ಹುಡುಗನ ಚಿಂತೆ ಇಟ್ಕಂಡು ಹುಡುಗಿ ಹೆಸರಾಗೆ ಹೂ ಕೇಳ್ದೆ. ಅದು ನನ್ನ ತಪ್ಪು. ಹುಡುಗಿ ಓದ್ತಾಳೆ. ಹುಡುಗನ್ನ ಕಾಯೋದು ನಿನ್ನ ಕೆಲ್ಸ. ಅವನ ಭಾರ ಇವಳ ಮ್ಯಾಲೆ ಹಾಕಲ್ಲ ನಾನು. ನಿನ್ನ ಮ್ಯಾಲೇ ಹಾಕ್ತೀನಿ. ಸಿಟ್ಟು ಬಂದ್ರೆ ನನ್ನ ಮ್ಯಾಲೆ ಮಾಡ್ಕ.”

“ಅಮ್ಮನ ಮಾತು ಮೀರ್ದಂಗಾತಲ್ಲ” ಎಂದು ಪೂಜಾರಿಗಳು ಮೆಲ್ಲಗೆ ಅಂದರು.

“ಮೀರ್ದೋಳು ಗುಡಿಗೆ ಬರ್ತಾಳೇನೋ? ತೀರ್ಥ ಕೊಡು.”

ದೈವದ ಮುಂದೆ ಬಗ್ಗುವುದೆಂದರೆ ಬಾಯಿ ಮುಚ್ಚಿಕೊಳ್ಳುವುದೆಂದು ಅದುವರೆಗೆ ತಿಳಿದಿದ್ದೆ. ಭಾರವನ್ನು ಹೊರಬಲ್ಲವಳ ಹೆಗಲಿಗೆ ಭಾರ ಹಾಕುವುದೂ ಭಕ್ತಿಯೇ ಎಂದು ಆ ಹಿರಿಯ ಜೀವ ತೋರಿಸಿತು.

ಮರಳುವ ಬಸ್ಸಿನಲ್ಲಿ ನಾನು, “ಆ ಮೊಮ್ಮಗ ಬಂದ ಅಂದಿದ್ರೆ ಸಲೀಸಾಗಿ ಮುಗೀತಿತ್ತಲ್ಲ ಮೇಡಂ. ಕೆಟ್ಟೇಹೋತು ಅನ್ಕಂಡೆ” ಎಂದೆ. ಅವರು ಬಹಳ ದಣಿದಿದ್ದರು. “ಆ ಮುದುಕಿ ನನಗೆ ಎರಡು ವರ್ಷ ಅನ್ನ ಹಾಕಿದಾಳೆ ಮೈಲಾರಿ. ಅವಳ ದುಃಖನ ತಿದ್ದಾಕೆ ನಾನ್ಯಾರು?” ಎಂದು ಕಣ್ಣು ಮುಚ್ಚಿದರು.

ನೇತ್ರಾವತಿ ಮುಂದಿನ ವಾರ ತರಗತಿಗೆ ಬಂದಳು. ಶಾಖೆ ಉಳಿಯಿತು. ಮರುವರ್ಷ ಕೆಂಚೇಶನಿಗೆ ಬೇರೆ ಕಡೆ ವರ್ಗವಾಗಿ, ದೇವಿಯ ದಯೆಯಿಂದ ಅವನು ಸುಖವಾಗಿ ರಜೆಗೆ ಬಂದ. ಹುಡುಗಿಯ ಕಿರುಪ್ರಬಂಧದ ವಿಷಯ, ಮಕ್ಕಳು ದುಡಿಯಲು ಹೋದ ಮೇಲೆ ಫೂಜಿಯಾನಿನ ಹಳ್ಳಿಗಳಲ್ಲಿ ಹಬ್ಬವನ್ನು ಹಿರಿಯರು ಹೇಗೆ ನಡೆಸುತ್ತಾರೆ ಎಂಬುದು. ಅದರ ಮೊದಲ ಕರಡಿನಲ್ಲಿ ಎರಡು ಕಡೆ ಕೆಂಪು ಗೀಟು ಬಿದ್ದಿತ್ತು; ಊರಿನ ಹೆಸರಿಲ್ಲದ ಕಡೆ ಒಂದು, ಮುದುಕರೆಲ್ಲ ಒಂದೇ ಎಂಬಂತೆ ಬರೆದ ಕಡೆ ಒಂದು. ಗೀಟು ಬಿದ್ದಲ್ಲಿ ತಿದ್ದಿ ತಿದ್ದಿ ಬರೆದ ಆ ಕೆಲಸ ಇಂದು ಹೊಸ ವಿದ್ಯಾರ್ಥಿಗಳಿಗೆ ಮಾದರಿಯಾಗಿದೆ. ಸುದೀಪ್ ಅನುವಾದದ ಕೆಲಸದಲ್ಲಿದ್ದಾನೆ. ನೇತ್ರಾವತಿ ನಮ್ಮಲ್ಲೇ ಅತಿಥಿ ಉಪನ್ಯಾಸಕಿ.

ಸೇವೆಯ ಕೊನೆಯ ವರ್ಷಗಳಲ್ಲಿ ಮೇಡಂಗೆ ಪ್ರಶಸ್ತಿ ಪತ್ರಗಳು ಬಂದವು, ಗೌರವಗಳು ಸಂದವು; ಅವುಗಳ ವಿವರ ಈ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ನಾನು ಕಂಡದ್ದು ಬೇರೆ. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ನ್ಯಾಮತಿಯ ಹುಡುಗಿಗಾಗಿ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಕಾದದ್ದು. ತಂದೆ ತೀರಿಕೊಂಡ ಹದಿನೈದನೆಯ ದಿನ ತರಗತಿಗೆ ಬಂದು ‘ಮಾತೇ ಹೊರಡುತ್ತಿಲ್ಲ’ ಎಂದ ಒಬ್ಬ ವಿದ್ಯಾರ್ಥಿಯ ಪಕ್ಕ, ಪಾಠವನ್ನು ಬದಿಗಿಟ್ಟು, ಇಡೀ ಗಂಟೆ ಕೂತಿದ್ದದ್ದು. ಚೀನಾದಲ್ಲಿ ತಪ್ಪು ನಡೆದ ಸಂಗತಿಯನ್ನು ತಪ್ಪೆಂದೇ ಕಲಿಸಿ ಅಲ್ಲಿಯವರ ಅಸಮಾಧಾನಕ್ಕೂ, ಒಳ್ಳೆಯದನ್ನು ಒಳ್ಳೆಯದೆಂದೇ ಕಲಿಸಿ ಇಲ್ಲಿಯವರ ಅಸಮಾಧಾನಕ್ಕೂ ಒಳಗಾಗಿ, ಎರಡನ್ನೂ ಸಮನಾಗಿ ಸಹಿಸಿದ್ದು.

ಅವರ ಕಡೆಯ ದಿನದ ಬೀಳ್ಕೊಡುಗೆಯನ್ನು ಶಾಖೆಯ ಆ ಕೋಣೆಯಲ್ಲೇ ಇಟ್ಟುಕೊಂಡೆವು. ಹಾರ ತುರಾಯಿ ಬೇಡವೆಂದು ಅವರು ಮೊದಲೇ ಹೇಳಿದ್ದರು. ಭಾಷಣಗಳು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ತಿಪ್ಪೇಶಪ್ಪನವರ ತೋಳು ಹಿಡಿದು, ಕೋಲೂರುತ್ತ ದ್ಯಾಮಮ್ಮನವರು ಒಳಗೆ ಬಂದರು. ಜಗಳೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಅಧ್ಯಕ್ಷರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಜ್ಜಿ ಕುಳಿತು, ಉಸಿರು ತೆಗೆದುಕೊಂಡು, ಮೊಮ್ಮಗಳ ಕಡೆ ನೋಡಿದರು.

“ಇಷ್ಟು ವರ್ಷ ಓದ್ಯಾಳೆ. ಒಂದಿನಾನೂ ನನ್ನ ಕಿವಿಗೆ ಆ ಮಾತು ಹಾಕಿಲ್ಲ. ಮನೆಯಾಗೆ ಆಡಿದ್ರೆ ಮುದುಕಿ ನೊಂದ್ಕಂತಾಳೆ ಅಂತ ಬಾಯಿ ಬಿಗಿಹಿಡಿದಾಳೆ. ನನಗೆ ಗೊತ್ತಾಗಲ್ವಾ? ಆಡೇ ಇವತ್ತು. ಎಲ್ರ ಮುಂದೆ ಆಡು.”

ನಮಗಾರಿಗೂ ಇದು ತಿಳಿದಿರಲಿಲ್ಲ. ದಿನವೂ ತರಗತಿಯಲ್ಲಿ ಓತಪ್ರೋತವಾಗಿ ಆ ಭಾಷೆಯನ್ನಾಡುವ ನೇತ್ರಾವತಿ ಸೆರಗು ಸರಿಮಾಡಿಕೊಂಡಳು. ಮೇಡಂ ಕಡೆ ನೋಡಿದಳು. ಮೇಡಂ ಕಣ್ಣಲ್ಲೇ ಸಮ್ಮತಿಸಿದರು. ಅವಳು ಎದ್ದು ನಿಂತು, ಮೊದಲ ವರ್ಷದ ಮಗುವಿನಂತೆ ಕೈ ಕಟ್ಟಿಕೊಂಡು, ನಿಧಾನವಾಗಿ ಮೂರು ವಾಕ್ಯ ಹೇಳಿದಳು. ಅಜ್ಜಿ ಕಣ್ಣು ಕಿರಿದು ಮಾಡಿ, ಮದುವೆ ಮನೆಯಲ್ಲಿ ಮಂತ್ರ ಕೇಳುವಂತೆ ಕೇಳಿದರು.

“ಇಷ್ಟೇನಾ?”

“ಇಷ್ಟೇ ಅಜ್ಜಿ.”

“ಹಾಲಕ್ಕಿ ನುಡಿದಂಗೈತೆ. ಇದಕ್ಕಾ ನಾ ಅಷ್ಟು ಅಂಜಿದ್ದು?” ಎಂದರು. ಕೋಣೆಯಲ್ಲಿ ನಗು ಎದ್ದಿತು; ಅವರು ನಗಲಿಲ್ಲ. “ಏನಂತ ಅಂದೆ?”

“ಇವರು ನಮ್ಮಜ್ಜಿ. ಹೆಸರು ದ್ಯಾಮಮ್ಮ, ಜಗಳೂರು ಕಡೆಯೋರು. ನನ್ನ ಓದಿಸಿದೋರು ಇವರೇ ಅಂದೆ.”

“ನಾ ಎಲ್ಲಿ ಓದಿಸ್ದೆ? ಸುಳ್ಳಾಡಬ್ಯಾಡ ಅವರ ಮಾತಾಗೆ. ಬ್ಯಾಡ ಅಂದೋಳು ನಾನು. ಓದಿಸಿದ್ದು ಈ ಯಮ್ಮ.” ಕೋಲಿನಿಂದ ಮೇಡಂ ಕಡೆ ತೋರಿಸಿದರು. “ಇವಳ ಹೆಸರು ಹೇಳು. ಊರು ಹೇಳು. ಇನ್ನೊಂದ್ಸಲ ಹೇಳು, ಗಟ್ಟಿಯಾಗಿ.”

ನೇತ್ರಾವತಿ ಮತ್ತೆ ಹೇಳಿದಳು. ಈ ಸಲ ಆ ದೂರದ ಭಾಷೆಯ ನಡುವೆ ‘ಬಸವಾಪಟ್ಟಣ’ ಎಂಬುದೂ ‘ಶಾಂತಲಾ’ ಎಂಬುದೂ ನಮ್ಮೆಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ನೂರಾರು ವಿದ್ಯಾರ್ಥಿಗಳ ವಾಕ್ಯಗಳನ್ನು ತಿದ್ದಿದ ನಮ್ಮ ಗುರುಗಳು ತಮ್ಮ ಕುರಿತ ಆ ಒಂದು ವಾಕ್ಯವನ್ನು ತಲೆತಗ್ಗಿಸಿ ಕೇಳಿಸಿಕೊಂಡರು. ದ್ಯಾಮಮ್ಮನವರು, “ಹಾಂ, ಈಗ ಸರಿ” ಎಂದು ಕೋಲನ್ನು ಮಡಿಲಿಗೆ ಹಾಕಿಕೊಂಡರು.

ಗುರುಗಳು ಈಗ ಬಸವಾಪಟ್ಟಣದ ಮನೆಯಲ್ಲಿ ಕುಳಿತು, ಫೂಜಿಯಾನಿನ ಹಿರಿಯರ ಬಾಯಿಂದ ಅಂದು ಬರೆದುಕೊಂಡ ಕಥೆಗಳನ್ನು ಕನ್ನಡಕ್ಕೆ ತರುತ್ತಿದ್ದಾರೆ. ನಮ್ಮ ಊರುಗಳ ಅಮ್ಮಂದಿರೂ ಆ ಬೆಟ್ಟದೂರಿನ ದೇವರೂ ಅವರ ಕಣ್ಣಿಗೆ ಬೆಳಕನ್ನೂ ಕೈಗೆ ಕಸುವನ್ನೂ ಕೊಟ್ಟು, ಆ ಕಥೆಗಳು ಮುಗಿಯುವವರೆಗೆ, ಮುಗಿದ ಮೇಲೆಯೂ ಬಹುಕಾಲ, ಅವರನ್ನು ನಮ್ಮ ನಡುವೆ ಕಾಯಲಿ. ನೇತ್ರಾವತಿ ಈ ಸಾಲಿನ ಮೊದಲ ತರಗತಿ ತೆಗೆದುಕೊಳ್ಳುವುದು ಬರುವ ಸೋಮವಾರ. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಬರುತ್ತೇನೆಂದು ಮೇಡಂ ಒಪ್ಪಿದ್ದಾರೆ.